ರಾಡಿ ಹಾರಿಸದ ಕಾರು

ತಪ್ಪೆಲ್ಲ ಹಳಿಯಾಳ ಪೇಟೆಯ ಒಂದು ತಗ್ಗಿನದು ಎಂದು ಪುಂಡಲೀಕ ಎರಡು ವಾರದಿಂದ ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ತಗ್ಗು ಇರದಿದ್ದರೆ ನೀರು ನಿಲ್ಲುತ್ತಿರಲಿಲ್ಲ, ನೀರು ನಿಲ್ಲದಿದ್ದರೆ ರಾಡಿ ಹಾರುತ್ತಿರಲಿಲ್ಲ, ರಾಡಿ ಹಾರದಿದ್ದರೆ ಅಕ್ಕ ಶಂಕ್ರೆವ್ವ ಅವನ ಜೊತೆ ಮಾತು ಬಿಡುತ್ತಿರಲಿಲ್ಲ. ಕೇಳಿದವರು "ಹೌದ್ ಬಿಡ್ರಿ" ಎನ್ನುತ್ತಿದ್ದರು. ಅವರಿಗೇನು, ಮಾತು ಬಿಟ್ಟವಳು ಅವರ ಅಕ್ಕ ಅಲ್ಲವಲ್ಲ.

ಪುಂಡಲೀಕ ದಾಂಡೇಲಿಯ ಮಿಲ್ಲಿನ ಸ್ಟೋರಿನಲ್ಲಿ ಗುಮಾಸ್ತ. ಬಂಗೂರನಗರದ ಸಾಲುಮನೆಗಳಲ್ಲಿ ಅವನದೂ ಒಂದು. ಈ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಸರಿಯಾಗಿ ಅವನು ಒಂದು ಬಿಳಿಯ ಎಲೆಕ್ಟ್ರಿಕ್ ಕಾರು ತಂದ. ಇಡೀ ಸಾಲಿಗೆ ಅದೇ ಮೊದಲ ಕರೆಂಟಿನ ಕಾರು. ತಂದ ಮೇಲೆ ತೋರಿಸದೆ ಇರುವುದಕ್ಕಾಗುತ್ತದೆಯೇ? ಪಕ್ಕದ ಮನೆಯ ದುರ್ಗಪ್ಪ ಕಾಕಾನನ್ನೂ ಮಿಲ್ಲಿನ ಎಲೆಕ್ಟ್ರಿಶನ್ ಮೌನೇಶನನ್ನೂ ಕೂರಿಸಿಕೊಂಡು ಒಂದು ಭಾನುವಾರ ಹಳಿಯಾಳದವರೆಗೆ ಸುತ್ತು ಹೊಡೆದ. ಗಾಜು ಏರಿಸಿ, ಎಸಿ ಹಾಕಿ, ಹಾಡು ಹಚ್ಚಿ, ಇಂಜಿನ್ನೇ ಇಲ್ಲ ಎಂದಮೇಲೆ ಬಾನೆಟ್ಟಿನ ಕೆಳಗೆ ಏನಿಟ್ಟಿದ್ದಾರೆ ಎಂದು ಮೂವರೂ ಜಗಳವಾಡುತ್ತಿದ್ದಾಗ ಗಾಲಿ ತಗ್ಗಿಗೆ ಇಳಿದು ಎದ್ದದ್ದು ಯಾರ ಲಕ್ಷ್ಯಕ್ಕೂ ಬರಲಿಲ್ಲ.

ಬಳೆ ಇಡಿಸಿಕೊಳ್ಳಲು ಊರ ಹೆಂಗಸರೊಂದಿಗೆ ಪೇಟೆಗೆ ಬಂದಿದ್ದ ಶಂಕ್ರೆವ್ವ ಆ ತಗ್ಗಿನ ದಂಡೆಯಲ್ಲೇ ನಿಂತಿದ್ದಳು. ಹೋದ ಪಂಚಮಿಗೆ ಪುಂಡಲೀಕನೇ ಕೊಡಿಸಿದ ಇಳಕಲ್ ಸೀರೆ ಉಟ್ಟಿದ್ದಳು. ತಲೆಯಿಂದ ಕಾಲಿನವರೆಗೆ ಕೆಂಪು ರಾಡಿ ಸುರಿದುಕೊಂಡು, ಜೊತೆಗಾತಿಯರ ಮುಂದೆ ಆಕೆ ನಿಂತುಬಿಟ್ಟಳು.

ಸಂಜೆ ಅಕ್ಕನ ಗಂಡ ಚನಬಸಪ್ಪ ಫೋನ್ ಮಾಡಿ ಹೇಳಿದಾಗಲೇ ಪುಂಡಲೀಕನಿಗೆ ತಿಳಿದದ್ದು. ಫೋನು ಅಕ್ಕನ ಕೈಗೆ ಹೋಯಿತು.

"ಅಕ್ಕಾ, ಖರೇನ ನಾ ನೋಡಲಿಲ್ಲ," ಎಂದ.

"ನೋಡಲಿಲ್ಲ?"

"ದೇವರಾಣಿ ನೋಡಲಿಲ್ಲಕ್ಕಾ. ಈ ಕಂಪನ್ಯಾವ್ರು ಮಡ್‌ಫ್ಲಾಪ್ ಕೊಟ್ಟಿಲ್ಲ. ಗಾಲಿ ಹಿಂದ ರಬ್ಬರ್ ಇದ್ದಿದ್ರ ಒಂದ ಹನಿ ಹಾರ್ತಿದ್ದಿಲ್ಲ. ಅದಕ್ಕ..."

"ಆತ ಬಿಡು," ಎಂದು ಶಂಕ್ರೆವ್ವ ಫೋನ್ ಇಟ್ಟಳು. ಅವತ್ತಿನಿಂದ ಅವನ ಫೋನ್ ಎತ್ತಿಲ್ಲ.

ಬೇರೆ ತಿಂಗಳಾಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಎದುರಿಗೆ ನಾಗರ ಪಂಚಮಿ ಬಂದು ನಿಂತಿತ್ತು. ಪಂಚಮಿಗೆ ಗಂಡನ ಮನೆಯಿಂದ ಅಕ್ಕತಂಗಿಯರನ್ನು ಕರೆತರುವುದು ತವರಿನ ಗಂಡುಮಗನ ಕೆಲಸ. ಅವ್ವ ತೀರಿಕೊಂಡ ಮೇಲೂ ಪುಂಡಲೀಕ ಒಂದು ವರ್ಷವೂ ಅದನ್ನು ತಪ್ಪಿಸಿರಲಿಲ್ಲ. ಸರಕಾರಿ ಬಸ್ಸಿನಲ್ಲಿ ಹೋಗಿ, ಬಸ್ಸಿನಲ್ಲೇ ಅಕ್ಕನನ್ನು ಕೂರಿಸಿಕೊಂಡು, ಅವಳ ಚೀಲ ತನ್ನ ತೊಡೆಯ ಮೇಲಿಟ್ಟುಕೊಂಡು, ಅವಳು ಹೇಳುವ ಊರ ಸುದ್ದಿಗೆಲ್ಲ ಹೂಂಗುಟ್ಟುತ್ತ ಬರುತ್ತಿದ್ದ. ಮರುದಿನ ನಾಗಪ್ಪನಿಗೆ ಹಾಲೆರೆಯುವಾಗ ಅವಳು "ಅಪ್ಪನ ಪಾಲು, ಅವ್ವನ ಪಾಲು" ಎಂದು ಎರೆದು, ಕಡೆಗೆ "ತಮ್ಮನ ಪಾಲು" ಎಂದು ಒಂದು ಹನಿ ಹೆಚ್ಚಿಗೆ ಬೀಳಿಸುತ್ತಿದ್ದಳು. ನಲವತ್ತು ದಾಟಿದ, ನೆತ್ತಿಯ ಕೂದಲು ಉದುರಿದ ಆ ಗಂಡಸು ಆ ಒಂದು ಮಾತು ಕಿವಿಗೆ ಬೀಳುವ ತನಕ ಪಕ್ಕದಿಂದ ಅಲುಗಾಡುತ್ತಿರಲಿಲ್ಲ. ಅವಳು ಬರದೇ ಹೋದರೆ ಆ ಮಾತು ಆಡುವವರು ಅವನಿಗೆ ಈ ಭೂಮಿಯ ಮೇಲೆ ಇನ್ನೊಬ್ಬರಿರಲಿಲ್ಲ.

ಹಬ್ಬದ ಹಿಂದಿನ ರಾತ್ರಿ ಚನಬಸಪ್ಪನಿಗೆ ಫೋನ್ ಹಚ್ಚಿ, "ಮಾವಾ, ನಾಳೆ ನಾಷ್ಟಾದ ಹೊತ್ತಿಗೆ ಬಂದ ಬಿಡ್ತೇನಿ. ಅಕ್ಕಗ ನೀನ ಹೇಳು," ಎಂದ.

"ಹೇಳ್ತೇನೋ ಮಾರಾಯಾ. ಬರ್ತಾಳೋ ಇಲ್ಲೋ ಗ್ಯಾರಂಟಿ ಇಲ್ಲ. ನೀ ಲಗೂನ ಬಾ," ಎಂದ ಚನಬಸಪ್ಪ.

ಮರುದಿನ ರೊಟ್ಟಿ ಹಬ್ಬ, ಪಂಚಮಿಯ ಸಾಲು ಹಬ್ಬದ ಮೊದಲ ದಿನ. ಸಾಲಿನ ಹೆಂಗಸರೆಲ್ಲ ಕಟಕ ರೊಟ್ಟಿ, ಪಲ್ಯ, ಚಟ್ನಿಪುಡಿಗಳನ್ನು ತಾಟಿನಲ್ಲಿಟ್ಟುಕೊಂಡು ಮನೆಯಿಂದ ಮನೆಗೆ ಹಂಚುವ ದಿನ. ಪುಂಡಲೀಕ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಗೆ ಬಂದ. ಆಗಲೇ ಹೊರಟುಬಿಟ್ಟಿದ್ದರೆ ನಾನು ಈ ಕತೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಕಟ್ಟೆಯ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಆನ್‌ಲೈನಿನಲ್ಲಿ ತರಿಸಿದ ಮಡ್‌ಫ್ಲಾಪುಗಳು ಹಿಂದಿನ ಸಂಜೆಯಷ್ಟೇ ಬಂದಿದ್ದವು.

"ಮೊದಲ ಹೋಗಿ ಅಕ್ಕಾರ ಕೈ ಹಿಡ್ಕೊಂಡ ಕರ್ಕೊಂಡ ಬರ್ರಿ. ರಬ್ಬರ್ ಆಮ್ಯಾಲ ಹಚ್ಚೀರಂತ," ಎಂದಳು ಹೆಂಡತಿ ಸುವರ್ಣಾ, ಒಳಗಿಂದ ರೊಟ್ಟಿ ಬಡಿಯುತ್ತಲೇ.

"ಅದ ಕಾರು, ಅದ ಬರೀ ಗಾಲಿ ತಗೊಂಡು ಆಕಿ ಅಂಗಳಕ್ಕ ಹೋಗ್ಲೇನು? ಮಡ್‌ಫ್ಲಾಪ್ ಹಚ್ಕೊಂಡು ಹೋಗಿ, 'ನೋಡಕ್ಕಾ, ಇನ್ನ ಒಂದ ಹನಿ ಹಾರೂದಿಲ್ಲ' ಅಂದ್ರ ಆಕಿ ಸಿಟ್ಟು ಅಲ್ಲೇ ಇಳೀತೈತಿ."

"ಅಕ್ಕಾರು ರಾಡಿ ಸಲುವಾಗಿ ಸಿಟ್ಟಾಗ್ಯಾರಂತ ನಿಮಗ್ಯಾರ ಹೇಳ್ಯಾರ?"

"ಮತ್ಯಾತರ ಸಲುವಾಗಿ?"

"ಅದನ್ನ ಅವರನ್ನ ಕೇಳ್ರಿ," ಎಂದು ಸುವರ್ಣಾ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಹೆಂಡತಿಯ ಮಾತಿಗೆ ಪುಂಡಲೀಕ ಮಿಲ್ಲಿನ ಸೈರನ್ನಿಗೆ ಕೊಡುವಷ್ಟೇ ಬೆಲೆ ಕೊಡುತ್ತಿದ್ದ. ಕೇಳಿಸುತ್ತಿತ್ತು, ಅಷ್ಟೆ.

ಪೆಟ್ಟಿಗೆ ಬಿಚ್ಚಿದ. ಅಂಗೈ ಅಗಲದ ನಾಲ್ಕು ಪ್ಲಾಸ್ಟಿಕ್ ತುಂಡುಗಳು, ಒಂದು ಪೊಟ್ಟಣದ ತುಂಬ ಕ್ಲಿಪ್ಪುಗಳು. ಗಾಲಿಯ ಹಿಂದೆ ಇಟ್ಟು ಕ್ಲಿಪ್ಪು ಒತ್ತಿದ. ಸಂಡಿಗೆ ಮುರಿದಂತೆ ಮುರಿಯಿತು. ಇನ್ನೊಂದು ಒತ್ತಿದ, ಅದೂ ಹೋಯಿತು. ಅಷ್ಟರಲ್ಲಿ ಪಕ್ಕದ ಕಟ್ಟೆಯಿಂದ ದುರ್ಗಪ್ಪ ಕಾಕಾ ಇಳಿದು ಬಂದ. ಕಾಕಾ ಮಿಲ್ಲಿನಲ್ಲಿ ಫಿಟ್ಟರಾಗಿದ್ದು ನಿವೃತ್ತನಾದವನು. ಅಂದಿನಿಂದ ಇಡೀ ಸಾಲಿನಲ್ಲಿ ಬಿಗಿಯಾಗಿದ್ದುದನ್ನು ಸಡಿಲಿಸುವುದು, ಸಡಿಲಾಗಿದ್ದುದನ್ನು ಬಿಗಿಯುವುದು ಅವನ ಉದ್ಯೋಗ.

"ಇದೇನೋ ಇದು, ಮಡ್‌ಫ್ಲಾಪೋ ಬೀಸಣಿಕೆಯೋ?" ಕಾಕಾ ಒಂದನ್ನು ಎತ್ತಿ ಗಾಳಿ ಬೀಸಿಕೊಂಡ. "ಹಬ್ಬದ ದಿನ ಅಕ್ಕನ್ನ ಕರಿಯಾಕ ಹೊಂಟಾಂವ ಇಂಥಾ ಆಟಗಿ ಸಾಮಾನ ಕಟ್ಕೊಂಡು ಹೋಗ್ತೀಯೇನು? ನಿಂದ್ರು, ನನ್ನ ಹತ್ರ ಮಾಲ ಐತಿ."

ಕಾಕಾ ತನ್ನ ಮನೆಯ ಹೊಸ್ತಿಲ ಮುಂದಿನ ಕಾಲೊರಸನ್ನೇ ಎಳೆದು ತಂದ. ಅದು ಮಿಲ್ಲಿನ ಹಳೆಯ ಕನ್ವೇಯರ್ ಬೆಲ್ಟಿನ ತುಂಡು. ಬಂಗೂರನಗರದಲ್ಲಿ ಈ ಬೆಲ್ಟು ಇಲ್ಲದ ಮನೆ ಇಲ್ಲ. ಹರಾಜಿನಲ್ಲಿ ಮಾರಿದಾಗೆಲ್ಲ ಮಂದಿ ಕೊಂಡು ತಂದು, ಬಾಗಿಲಿಗೆ ಹಾಸುತ್ತಾರೆ, ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಇಡುತ್ತಾರೆ, ಕೋಳಿಗೂಡಿಗೆ ಹೊದಿಸುತ್ತಾರೆ. ಬೆರಳು ದಪ್ಪದ ರಬ್ಬರು, ಒಳಗೆ ಪದರ ಪದರ ಕ್ಯಾನ್ವಾಸು. ಏನು ಮಾಡಿದರೂ ಸವೆಯುವುದಿಲ್ಲ.

"ಇದರ ಮ್ಯಾಲ ಟನ್ನುಗಟ್ಟಲೆ ಕಟಿಗಿ ಹಾದೇತಿ. ನಿನ್ನ ರಾಡಿ ಇದಕ್ಕ ಯಾವ ಲೆಕ್ಕ?" ಎಂದ ಕಾಕಾ, ಅಳತೆ ತೆಗೆಯುತ್ತ.

ಬೆಲ್ಟನ್ನು ಕತ್ತರಿಸುವುದರಲ್ಲೇ ಒಂದು ಹ್ಯಾಕ್ಸಾ ಬ್ಲೇಡು, ಪುಂಡಲೀಕನ ಅಂಗಿಯ ಇಸ್ತ್ರಿ, ನಾಷ್ಟಾದ ಹೊತ್ತು, ಮೂರೂ ಮುಗಿದವು. ಇಷ್ಟು ಭಾರದ ರಬ್ಬರು ಕ್ಲಿಪ್ಪಿಗೆ ನಿಲ್ಲುವುದಲ್ಲ, ಬೋಲ್ಟು ಬೇಕು. ಬೋಲ್ಟಿಗೆ ತೂತು ಬೇಕು. ಪುಂಡಲೀಕ ಹುಬ್ಬಳ್ಳಿಯ ಶೋರೂಮಿಗೆ ಫೋನ್ ಮಾಡಿ ಕೇಳಿದ. "ತೂತು ಹಾಕಿದರೆ ವಾರಂಟಿ ಹೋಗುತ್ತೆ ಸರ್," ಎಂದಳು ಆ ಕಡೆಯ ಹುಡುಗಿ.

ಪುಂಡಲೀಕ ಫೋನ್ ಇಟ್ಟು ಕಾರಿನ ಬೆನ್ನು ಸವರಿದ.

"ನಿನಗ ವಾರಂಟಿ ಬೇಕೋ ಅಕ್ಕ ಬೇಕೋ?" ಎಂದು ಕೇಳಿದ ಕಾಕಾ.

ಹಾಗೆ ಕೇಳಿದರೆ ಯಾವ ತಮ್ಮ ತಾನೇ ಏನು ಹೇಳಿಯಾನು? ಡ್ರಿಲ್ಲಿಂಗ್ ಮಶೀನು ತರಲು ಮೌನೇಶನಿಗೆ ಬುಲಾವು ಹೋಯಿತು. ಮೌನೇಶ ಮಶೀನಿನ ಜೊತೆ ಮೊಣಕೈವರೆಗಿನ ರಬ್ಬರ್ ಕೈಗವಸು, ಗಂಬೂಟು ಎರಡನ್ನೂ ತಂದ. ಅವನನ್ನು ನೋಡಿ, ಕಾರಿನಲ್ಲಿ ಏನೋ ಅನಾಹುತವಾಗಿದೆ ಎಂದು ರೊಟ್ಟಿಯ ತಾಟು ಹಿಡಿದಿದ್ದ ಎದುರುಮನೆಯ ಗೋದುಬಾಯಿ ಓಡಿ ಬಂದಳು.

"ಕರೆಂಟಿನ ಕಾರಿಗೆ ತೂತ ಹಾಕ್ತೀರಿ? ಅದೂ ಹಸೀ ನೆಲದ ಮ್ಯಾಲ ನಿಂತು? ಯವ್ವಾ!" ಎಂದು ಗೋದುಬಾಯಿ ಮನೆಗೆ ವಾಪಸು ಓಡಿ, ಊಟಕ್ಕೆ ಕೂರುವ ಕಟ್ಟಿಗೆಯ ಮಣೆಗಳನ್ನು ತಂದು ಹಾಕಿದಳು. ಮೂವರು ಗಂಡಸರೂ ಮದುವೆಯ ಹಸೆಗೆ ಕೂರುವವರಂತೆ ಒಂದೊಂದು ಮಣೆ ಹತ್ತಿದರು.

"ಹಾಕು ಮೌನೇಶಾ," ಎಂದ ಕಾಕಾ.

"ನಾನಽ?"

"ಎಲೆಕ್ಟ್ರಿಶನ್ ನೀ ಅದೀಯಲಾ."

"ಎಲೆಕ್ಟ್ರಿಶನ್ ಅದೇನಿ, ಅದಕ್ಕ ಅಂಜ್ತೇನಿ ಕಾಕಾ. ಕರೆಂಟಂದ್ರ ಏನಂತ ಗೊತ್ತಿಲ್ಲದಾಂವ ಹಾಕಬೇಕು ಇದನ್ನ."

ಕರೆಂಟೆಂದರೆ ಏನೆಂದು ಗೊತ್ತಿಲ್ಲದವನು ಎಂದರೆ ಪುಂಡಲೀಕನೇ. ಅವನು ಕೈಗವಸು ತೊಟ್ಟು ಮಶೀನು ಹಿಡಿದ. ಗುಂಡಿ ಒತ್ತಿದರೆ ತಿರುಗಲಿಲ್ಲ. ಸಾಲಿನಲ್ಲಿ ಲೈಟು ಹೋಗಿತ್ತು. ಆಗ ಮೌನೇಶನಿಗೆ ಕಾರಿನಲ್ಲೇ ಕರೆಂಟು ಹೊರಗೆ ತೆಗೆಯುವ ಸಾಕೆಟ್ಟಿದೆ ಎಂಬುದು ನೆನಪಾಯಿತು. ವೈರನ್ನು ಕಾರಿಗೇ ಸಿಕ್ಕಿಸಿದರು.

"ಕೂಸಿನ ಕಿವಿ ಚುಚ್ಚಾಕ ಕೂಸಿನ ಕಡೆಯಿಂದನ ಸೂಜಿ ಇಸ್ಕೊಂಡಂಗಾತಿದು," ಎಂದಳು ಗೋದುಬಾಯಿ.

ಪುಂಡಲೀಕ ಮಣೆಯ ಮೇಲೆ ಕುಕ್ಕುರುಗಾಲಲ್ಲಿ ಕುಳಿತು, ಕಣ್ಣು ಮುಚ್ಚಿ, ಬಸವಣ್ಣನನ್ನು ನೆನೆದು ಮಶೀನು ಒತ್ತಿದ. ಅದೇ ಗಳಿಗೆಗೆ ಕಾರು ಪಾಂ ಪಾಂ ಪಾಂ ಎಂದು ಅರಚಿಕೊಳ್ಳತೊಡಗಿತು. ನಾಲ್ಕೂ ಕಡೆಯ ದೀಪ ಹತ್ತಿ ಆರಿ ಹತ್ತಿದವು. ಮೌನೇಶ ಮಣೆಯಿಂದ ಜಿಗಿದು ಕಾಕಾನ ಮೇಲೆ ಬಿದ್ದ, ಕಾಕಾ ಗೋದುಬಾಯಿಯ ಮೇಲೆ ವಾಲಿದ, ಗೋದುಬಾಯಿಯ ತಾಟಿನ ರೊಟ್ಟಿಗಳೆಲ್ಲ ಅಂಗಳದ ರಾಡಿಯಲ್ಲಿ ಹರಡಿದವು. ಸುವರ್ಣಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಗಂಡನ ಹಿಂದಿನ ಕಿಸೆಯಿಂದ ಕಾರಿನ ಕೀಲಿ ತೆಗೆದು ಗುಂಡಿ ಒತ್ತಿದಳು. ಕಾರು ಸುಮ್ಮನಾಯಿತು. ಅವನು ಕುಕ್ಕುರುಗಾಲು ಹಾಕಿದಾಗ ಕೀಲಿಯ ಗುಂಡಿ ಒತ್ತಿಕೊಂಡಿತ್ತು, ಬೇರೇನಿಲ್ಲ.

"ಹೊತ್ತ ನೋಡ್ರಿ," ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು. ಹೊತ್ತನ್ನು ನೋಡುವ ಧೈರ್ಯ ಪುಂಡಲೀಕನಿಗಿರಲಿಲ್ಲ.

ತೂತುಗಳೇನೋ ಆದವು. ಯಾರಿಗೂ ಶಾಕು ಹೊಡೆಯಲಿಲ್ಲ. ಬೋಲ್ಟು ಬಿಗಿದು ನೋಡಿದರೆ ಬಿಳಿಯ ಕಾರಿನ ಹಿಂದೆ ಎರಡು ಕರಿಯ ರಬ್ಬರು ಎಮ್ಮೆಯ ಕಿವಿಗಳಂತೆ ಜೋತುಬಿದ್ದಿದ್ದವು. ಕಾಕಾ ಮಾತ್ರ ಕಣ್ಣು ತುಂಬ ನೋಡಿದ. "ಕಾರ ಹೋದ್ರೂ ಇದು ಉಳೀತೈತಿ," ಎಂದ.

ಅಕ್ಕನ ಮನೆಗೆಂದು ಸುವರ್ಣಾ ಕಟ್ಟಿಕೊಟ್ಟ ಪಂಚಮಿ ಉಂಡಿಯ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಪುಂಡಲೀಕ ಹೊರಟ. ಊರು ದಾಟುವುದರೊಳಗೆ ಹಳಿಯಾಳ ರಸ್ತೆಯ ಪೇಂಟರ್ ಜ್ಯೋತಿಬಾ ಅಡ್ಡ ಬಂದ. ಲಾರಿಗಳ ಮೇಲೆ ಹೂವು, ಹುಲಿ, ದೇವರು ಎಲ್ಲವನ್ನೂ ಬರೆಯುವವನು ಅವನು.

"ಥಾಂಬಾ ಸಾಹೇಬ, ನಿಂದರ್ರಿ! ಹಬ್ಬದಾಗ ಬರೀ ಕರೀ ರಬ್ಬರ್ ಹಚ್ಕೊಂಡ ಹೊಂಟೀರಿ? ಛಲೋ ಕಾಣೂದಿಲ್ಲರೀ. ಎರಡ ಅಕ್ಷರ ಬರದ ಕೊಡ್ತೇನಿ. ತಾಯಿಯ ಆಶೀರ್ವಾದ ಅಂತ ಬರೀಲೇನು?"

"ತಾಯಿ ಇಲ್ಲಪಾ ನನಗ," ಎಂದ ಪುಂಡಲೀಕ. "ಅಕ್ಕ ಅದಾಳ."

"ಹಂಗಾರ ಅಕ್ಕಂದ ಬರಿಯೂಣು ತಗೋರಿ."

ಪುಂಡಲೀಕ ಹಣೆ ಚಚ್ಚಿಕೊಂಡ. ಇಷ್ಟು ಚಂದದ ವಿಚಾರ ತನಗೇ ಯಾಕೆ ಹೊಳೆಯಲಿಲ್ಲ? ಅಕ್ಕ ಅಂಗಳಕ್ಕೆ ಬಂದು ಕಾರಿನ ಬೆನ್ನು ನೋಡುತ್ತಾಳೆ, ಓದುತ್ತಾಳೆ, ಅಲ್ಲಿಗೆ ಸಿಟ್ಟು ಮುಗಿಯಿತು. ಜ್ಯೋತಿಬಾ ಎಡದ ರಬ್ಬರಿನ ಮೇಲೆ "ಅಕ್ಕನ" ಎಂದೂ ಬಲದ್ದರ ಮೇಲೆ "ಆಶೀರ್ವಾದ" ಎಂದೂ ದಪ್ಪ ಬಿಳಿ ಅಕ್ಷರಗಳಲ್ಲಿ ಬರೆದ. ಕೊನೆಯ ಅಕ್ಷರ ಮುಗಿಯುವಾಗ ಶ್ರಾವಣದ ಜಿಟಿಜಿಟಿ ಮಳೆ ಶುರುವಾಯಿತು. ಬಣ್ಣ ಒಣಗುವ ತನಕ ಒಬ್ಬರು "ಅಕ್ಕನ" ಮೇಲೆ, ಒಬ್ಬರು "ಆಶೀರ್ವಾದ"ದ ಮೇಲೆ ಛತ್ರಿ ಹಿಡಿದು ಕುಳಿತರು. ನಡುವೆ ಸುವರ್ಣಾಳ ಫೋನು ಬಂತು.

"ಮುಟ್ಟಿದ್ರೇನ್ರಿ?"

"ಮುಟ್ಟಿದಂಗಽ," ಎಂದ ಪುಂಡಲೀಕ, ರಟ್ಟಿನ ತುಂಡಿನಿಂದ ಅಕ್ಷರಗಳಿಗೆ ಗಾಳಿ ಹಾಕುತ್ತ.

ಅವನು ದಾಂಡೇಲಿ ಬಿಟ್ಟಾಗ ಊಟದ ಹೊತ್ತೂ ಮೀರಿತ್ತು. ಆದರೂ ಮನಸ್ಸು ಹಗುರಾಗಿತ್ತು. ರಬ್ಬರು ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕಲ್ಲ. ಗುಂಡಿ ಒತ್ತಿ ಎಡಗಡೆಯ ಕನ್ನಡಿಯನ್ನು ಪೂರ್ತಿ ಕೆಳಗೆ ಬಾಗಿಸಿದ. ಅದರಲ್ಲಿ ಈಗ ಹಿಂದಿನ ಗಾಲಿ, ಅದರಾಚೆ ಒಂದು ಮಾರು ನೆಲ, ಅಷ್ಟೇ ಕಾಣುತ್ತಿತ್ತು. ಸಾಗವಾನಿ ಕಾಡಿನ ನಡುವಿನ ಮೊದಲ ತಗ್ಗಿನಲ್ಲಿ ಎರಡು ಎಮ್ಮೆಗಳು ನಿಂತಿದ್ದವು. ಕಾರು ನೀರು ಸೀಳಿಕೊಂಡು ಹೋಯಿತು, ಕನ್ನಡಿಯಲ್ಲಿ ಎಮ್ಮೆಯ ಕಾಲು ಇದ್ದಂತೆಯೇ ಇದ್ದವು. ಎಮ್ಮೆಯ ಕಾಲಿನಲ್ಲಿ ರಾಡಿ ಗೊತ್ತಾಗುವುದಿಲ್ಲವೇನೋ ಎಂದು ಅನುಮಾನ ಬಂತು. ಹಳಿಯಾಳದಾಚೆ ಬಿಳಿ ಧೋತರದ ಹಿರಿಯರೊಬ್ಬರು ಸಿಕ್ಕರು. ಧೋತರ ಬೆಳ್ಳಗೇ ಉಳಿಯಿತು. ಅವರು ಹಿಂದಿನಿಂದ ಏನೋ ಬೈದಂತಾಯಿತು. ಗಾಜು ಏರಿಸಿದ್ದರಿಂದ ಅದು ಆಶೀರ್ವಾದವೂ ಆಗಿರಬಹುದು.

ಅಕ್ಕನ ಊರಿಗೆ ಹೊರಳುವ ಕ್ರಾಸಿಗಿಂತ ತುಸು ಈಚೆ, ಬಸ್ಸು ನಿಲ್ಲುವ ಜಾಗದಲ್ಲಿ, ಒಂದು ತಗ್ಗಿತ್ತು. ತಗ್ಗೆಂದರೆ ತಗ್ಗು, ಬಾತುಕೋಳಿ ಸಾಕಬಹುದಿತ್ತು. ಅದರ ದಂಡೆಗೆ ಛತ್ರಿ ತಗ್ಗಿಸಿಕೊಂಡು ಯಾರೋ ಹೆಂಗಸು ನಿಂತಿದ್ದಳು. ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೆಲ್ಲಿ ಸಿಕ್ಕೀತು? ಪುಂಡಲೀಕ ಕನ್ನಡಿಯಲ್ಲೇ ಕಣ್ಣು ನೆಟ್ಟು ಕಾರು ಬಿಟ್ಟ. ನೀರು ಭುಸ್ಸೆಂದು ಎದ್ದು, ಬೆಲ್ಟಿಗೆ ಬಡಿದು, ಅಲ್ಲೇ ಕೆಳಗೆ ಸುರಿಯಿತು. ಕನ್ನಡಿಯಲ್ಲಿ ಕಾಲುಂಗುರದ ಎರಡು ಪಾದ, ನೆಲದ ಮೇಲೊಂದು ಚೀಲ, ಗಿಳಿಹಸಿರು ಸೀರೆಯ ಕೆಂಪು ಅಂಚು ಕಂಡವು. ಒಂದು ಹನಿ ಬಿದ್ದಿರಲಿಲ್ಲ.

"ಶಾಬಾಸ್!" ಎಂದು ಪುಂಡಲೀಕ ಸ್ಟೇರಿಂಗಿಗೆ ಗುದ್ದಿದ.

ಕ್ರಾಸಿನಲ್ಲಿ ಹೊರಳಿ, ಎರಡು ಕಡೆ ಜಾರಿ, ಅಕ್ಕನ ಓಣಿಯ ರಾಡಿಯಲ್ಲಿ ತೇಲಾಡಿ, ಕಾರು ಕೊನೆಗೂ ಅಂಗಳ ಮುಟ್ಟಿತು. ಚನಬಸಪ್ಪ ಕಟ್ಟೆಯ ಮೇಲೆ ಕುಳಿತು ಜೋಕಾಲಿಯ ಹಗ್ಗ ಹೊಸೆಯುತ್ತಿದ್ದ. ಎದ್ದು ಬಂದು ಕಾರಿನೊಳಗೆ ಬಗ್ಗಿ ನೋಡಿದ.

"ಒಬ್ಬನ ಬಂದಿ?"

"ಒಬ್ಬನ ಮಾವಾ. ಸುವರ್ಣಾಗ ರೊಟ್ಟಿ ಕೆಲಸ. ಅದಿರಲಿ, ನೀ ಮೊದಲ ಇಲ್ಲಿ ಬಾ." ಪುಂಡಲೀಕ ಮಾವನ ರಟ್ಟೆ ಹಿಡಿದು ಕಾರಿನ ಹಿಂದೆ ಎಳೆದೊಯ್ದ. "ಓದು."

"ಅಕ್ಕನ ಆಶೀರ್ವಾದ," ಎಂದು ಓದಿದ ಚನಬಸಪ್ಪ. "ಛಲೋ ಬರದಾರ. ಆದ್ರ ಪುಂಡಲೀಕಾ..."

"ತಡಿ ಮಾವಾ, ಪೂರಾ ಕೇಳು. ಬರೀ ಬರದದ್ದಲ್ಲ, ಕೆಲಸಾನೂ ಮಾಡ್ತೈತಿ. ಈಗ ಬಸ್ ನಿಂದ್ರೂ ಹತ್ರ, ಆ ದೊಡ್ಡ ತಗ್ಗಿನ್ಯಾಗ, ಮೂವತ್ತರ ಮ್ಯಾಲ ಇತ್ತು ಸ್ಪೀಡು. ಯಾರೋ ಒಬ್ಬಾಕಿ ದಂಡಿಗೆ ನಿಂತಿದ್ಲು. ಗಿಳಿಹಸರ ಸೀರಿ, ಕೆಂಪ ಅಂಚು. ಒಂದ ಹನಿ ಹಾರಿಲ್ಲ ಮಾವಾ! ಅಕ್ಕಗ ಮೊದಲ ಇದನ್ನ ಹೇಳಬೇಕು. ಎಲ್ಲದಾಳ ಅಕ್ಕ? ಒಳಗ ಸಿಟ್ಟ ಮಾಡ್ಕೊಂಡ ಕುಂತಾಳೇನು?"

ಚನಬಸಪ್ಪ ಕೈಯಲ್ಲಿದ್ದ ಹಗ್ಗವನ್ನು ಕೆಳಗಿಟ್ಟ. ಮತ್ತೆ ಎತ್ತಿಕೊಂಡ.

"ಗಿಳಿಹಸರ ಸೀರಿ?" ಎಂದ.

"ಹೂಂ."

"ಸಂಗಾಟ ಒಂದ ಚೀಲ ಇತ್ತೇನು?"

"ಇತ್ತು. ಯಾಕ?"

"ಆ ಸೀರಿ ನೀನ ಕೊಡಿಸಿದ್ದಲ್ಲೇನೋ ಮಾರಾಯಾ? ರಾಡಿ ಕಲಿ ಹೋಗೂ ತನಕ ಒಗದು ಒಗದು, ಇವತ್ತ ಅದನ್ನ ಉಟ್ಕೊಂಡ ಹೋಗ್ಯಾಳ. ಮುಂಜಾನಿಂದ ನಿನ್ನ ದಾರಿ ಕಾದ್ಲು. ಸಿಟ್ಟು ಯಾವಾಗೋ ಇಳದಿತ್ತು, ತೋರಿಸ್ಕೊಳ್ಳಲಿಲ್ಲ ಅಷ್ಟ. ಕಡೀಕ, 'ನಮ್ಮ ಓಣ್ಯಾಗ ರಾಡಿ ಭಾಳ ಐತಿ, ಅವನ ಹೊಸಾ ಕಾರು ಸಿಗಬೀಳ್ತೈತಿ, ಹಬ್ಬದಾಗ ಅಂವಗ ತ್ರಾಸ ಆಗಬಾರದು, ನಾನ ರೋಡಿಗೆ ಹೋಗಿ ನಿಂದರ್ತೇನಿ' ಅಂತ ಹೋದ್ಲು."

ಪುಂಡಲೀಕ ಅಲ್ಲೇ ಬಾನೆಟ್ಟಿಗೆ ಒರಗಿದ. ಬೆಳಗಿನ ಆ ಪ್ಲಾಸ್ಟಿಕ್ ಬೀಸಣಿಕೆ, ಬೆಲ್ಟು, ಮಣೆ, ಮಶೀನು, ಬಣ್ಣ, ಛತ್ರಿ ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಯಾವ ಒಂದನ್ನು ಬಿಟ್ಟಿದ್ದರೂ ಸಾಕಿತ್ತು. ಅಯ್ಯೋ, ಆ ಕನ್ನಡಿಯನ್ನಾದರೂ ಬಾಗಿಸದೆ ಬಿಟ್ಟಿದ್ದರೆ ಸಾಕಿತ್ತು.

ಓಡಲು ಓಣಿಗೆ ತಿರುಗಿದ. ಶಂಕ್ರೆವ್ವ ಎದುರಿಗೇ ಬರುತ್ತಿದ್ದಳು. ಒಂದು ಕೈಯಲ್ಲಿ ಛತ್ರಿ, ಒಂದು ಕೈಯಲ್ಲಿ ಚೀಲ. ಸೀರೆ ನಿಜಕ್ಕೂ ಸ್ವಚ್ಛವಾಗಿತ್ತು. ಅವಳು ಅಂಗಳಕ್ಕೆ ಬಂದು ಚೀಲ ಇಳಿಸಿದಳು.

"ಅಕ್ಕಾ..." ಎಂದ ಪುಂಡಲೀಕ. "ನಾ ಮಡ್‌ಫ್ಲಾಪ್ ನೋಡ್ಕೋತ..."

"ನಾನೂ ಅದನ್ನ ನೋಡ್ದೆ. ಛತ್ರಿ ಎತ್ತಿ ಕೈ ಮಾಡ್ದೆ, 'ಪುಂಡಲೀಕಾ' ಅಂತ ಒದರಿದೆ. ಕಾರ ಹೋತು. ಹಿಂದ ದೊಡ್ಡ ಅಕ್ಷರದಾಗ ಬರಿಸಿಯಲಾ, ಅದನ್ನ ಓದ್ಕೋತ ನಿಂತೆ. ಹಿಂದ ಗಿಡದ ಕೆಳಗ ನಿಂತಿದ್ದಾಕಿ, 'ಯಾರ ಅಕ್ಕನೋ ಏನೋ, ಪುಣ್ಯಾ ಮಾಡ್ಯಾಳ ನೋಡು' ಅಂದ್ಲು. ನಾ ಏನ ಹೇಳ್ಲಿ?"

ಚನಬಸಪ್ಪ ಹಗ್ಗ ಹೊಸೆಯುವುದರಲ್ಲಿ ಮುಖ ಹುದುಗಿಸಿದ.

"ತಪ್ಪಾತಕ್ಕಾ. ಅವತ್ತಿಂದೂ ತಪ್ಪಾತು. ಅವತ್ತು ನಿನ್ನ ಮ್ಯಾಲ ರಾಡಿ ಹಾರಸಬಾರದಿತ್ತು..."

"ಇನ್ನೂ ರಾಡಿ ಅಂತೀಯಲ್ಲೋ!" ಶಂಕ್ರೆವ್ವನ ದನಿ ಒಡೆಯಿತು. "ರಾಡಿ ಏನಾಗ್ತೈತಿ, ಒಗದ್ರ ಹೋಗ್ತೈತಿ. ಹೊಲದಾಗ ದುಡಿಯಾಕಿ ನಾನು, ರಾಡಿಗೆ ಸಿಟ್ಟ ಮಾಡ್ತೇನೇನು? ಅವತ್ತೂ ಕೈ ಮಾಡಿದ್ದೆ. 'ನಮ್ಮ ತಮ್ಮನ ಹೊಸಾ ಕಾರ ಬಂತು, ನೋಡ್ರವಾ' ಅಂತ ಎಲ್ಲಾರಿಗೂ ತೋರಿಸಿ ಮುಂದ ಹೋಗಿ ನಿಂತಿದ್ದೆ. ನೀ ನಿಂದರಲಿಲ್ಲ. ರಾಡಿಯಾದ್ರೂ ಹಾರಿತ್ತು ಅವತ್ತು. ನನ್ನ ತಮ್ಮ ಹೋದ ಅನ್ನಾಕ ಒಂದ ಗುರುತಾದ್ರೂ ಸಿಕ್ಕಿತ್ತು. ಇವತ್ತ ಅದೂ ಇಲ್ಲ."

ಪುಂಡಲೀಕನಿಗೆ ಅಳು ಬಂತು. ಬಂದದ್ದನ್ನು ಅವನು ತಡೆಯಲೂ ಇಲ್ಲ. ಸುವರ್ಣಾ ಬೆಳಿಗ್ಗೆಯೇ ಹೇಳಿದ್ದಳು, ಅವರನ್ನ ಕೇಳ್ರಿ ಎಂದು. ಒಂದು ಮಾತು ಕೇಳುವ ಬದಲು ಅವನು ಒಂದು ಕಾರಿಗೆ ನಾಲ್ಕು ತೂತು ಕೊರೆದಿದ್ದ.

"ಕಾರ ಹತ್ತಕ್ಕಾ. ಕಾಲ ಬೀಳ್ತೇನಿ. ನಾಳೆ ಹಾಲೆರೀಬೇಕು. ನೀ ಬರದಿದ್ರ..."

"ಬರೂದಿಲ್ಲಂತ ಯಾರಂದ್ರು? ಪಂಚಮಿಗೆ ತವರಿಗೆ ಹೋಗದ ಇರ್ತೇನೇನು? ಅದು ನಮ್ಮವ್ವನ ಮನಿ." ಶಂಕ್ರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆದ್ರ ಈ ಕಾರಿನ್ಯಾಗ ಬರೂದಿಲ್ಲ. ಹೆಂಗಸರಿಗೆ ಬಸ್ಸ ಪುಕಟ್ಟೆ ಐತಿ. ಕೈ ಮಾಡಿದ್ರ ಅದು ನಿಂದರ್ತೈತಿ."

"ಹಂಗಾರ ನಾನೂ ಬಸ್ಸಿಗೆ ಬರ್ತೇನಿ. ಕಾರ ಇಲ್ಲೇ ಇರ್ಲಿ."

"ಇಲ್ಲಿಟ್ರ ಓಣ್ಯಾಗ ಎತ್ತಿನ ಬಂಡಿ ಹ್ಯಾಂಗ ಹಾಯಬೇಕು? ತಗೊಂಡ ಹೋಗು," ಎಂದು ಅವಳು ಚೀಲ ಎತ್ತಿಕೊಂಡು ನಡೆದಳು. ಚೀಲಕ್ಕೆ ಕೈ ಹಾಕಲು ಹೋದ ತಮ್ಮನಿಗೆ ಅದನ್ನೂ ಕೊಡಲಿಲ್ಲ.

ಬಸ್ಸು ಬಂತು, ಶಂಕ್ರೆವ್ವ ಕೈ ಮಾಡಿದಳು, ಬಸ್ಸು ನಿಂತಿತು. ಪುಂಡಲೀಕ ಅದರ ಬೆನ್ನಿಗೆ ಕಾರು ಬಿಟ್ಟ. ಮುಂದೆ ಹೋಗಲು ಜಾಗ ಬೇಕಾದಷ್ಟಿತ್ತು. ಡ್ರೈವರು ಕೈ ಹೊರಗೆ ಹಾಕಿ ಹೋಗ್ರಿ ಹೋಗ್ರಿ ಎಂದು ಎಷ್ಟೋ ಸಲ ಸನ್ನೆ ಮಾಡಿದ. ಆದರೆ ಅಕ್ಕನನ್ನು ಮೂರನೆಯ ಸಲ ದಾಟಿ ಹೋಗುವ ಧೈರ್ಯ ಅವನಿಗೆಲ್ಲಿಂದ ಬರಬೇಕು? ಬಸ್ಸಿನ ಗಾಲಿಯ ಹಿಂದೆ ರಬ್ಬರೂ ಇರಲಿಲ್ಲ, ಏನೂ ಇರಲಿಲ್ಲ. ಪ್ರತಿ ತಗ್ಗಿನಲ್ಲೂ ಕೆಂಪು ರಾಡಿ ಎದ್ದು ಬಂದು ಕಾರಿನ ಗಾಜಿಗೆ ಬಡಿಯುತ್ತಿತ್ತು. ವೈಪರು ಒರೆಸುವುದು, ಮತ್ತೆ ಬಡಿಯುವುದು. ಬಸ್ಸು ನಿಂತಲ್ಲೆಲ್ಲ ಅವನೂ ನಿಂತ. ಉಂಡಿಯ ಡಬ್ಬಿ ಪಕ್ಕದ ಸೀಟಿನಲ್ಲಿ, ಅಕ್ಕ ಕೂರಬೇಕಾಗಿದ್ದ ಜಾಗದಲ್ಲಿ, ಒಂದೇ ಸಮನೆ ಗಡಗಡ ಎನ್ನುತ್ತಿತ್ತು.

ಬಂಗೂರನಗರದ ಅಂಗಳಕ್ಕೆ ಬಂದಾಗ ಕಾರಿನ ಬಿಳಿ ಬಣ್ಣ ಎಲ್ಲಿತ್ತೆಂದು ಹುಡುಕಬೇಕಾಗಿತ್ತು. ಅವನು ದಾರಿಯಲ್ಲೂ ಅವಳನ್ನು ದಾಟದೆ ಹಿಂದೆಯೇ ಉಳಿದಿದ್ದರಿಂದ, ಬಸ್ಸಿಳಿದು ನಡೆದು ಬಂದ ಶಂಕ್ರೆವ್ವ ಅದಾಗಲೇ ಕಾಲು ತೊಳೆದು ಕಟ್ಟೆಯ ಮೇಲೆ ಕುಳಿತಿದ್ದಳು. ಸುವರ್ಣಾ ಅವಳ ಕೈಗೆ ರೊಟ್ಟಿಯ ತಾಟು ಕೊಟ್ಟಿದ್ದಳು. ದುರ್ಗಪ್ಪ ಕಾಕಾ ಓಡಿ ಬಂದು ಕಾರನ್ನು ಒಂದು ಸುತ್ತು ಹಾಕಿದ. ಹಿಂದೆ ಹೋದವನು ಅಲ್ಲಿಂದಲೇ ಕೂಗಿದ:

"ಪುಂಡಲೀಕಾ, ನನ್ನ ಬೆಲ್ಟ್ ನೋಡ ಬಾರೋ! ಮುಂದ ನೋಡಿದ್ರ ಗುರ್ತ ಸಿಗೂದಿಲ್ಲ, ಹಿಂದ ಅಕ್ಷರ ಲಕಲಕ ಹೊಳ್ಯಾಕ ಹತ್ಯಾವು!"

ಪುಂಡಲೀಕ ನೋಡಲು ಹೋಗಲಿಲ್ಲ. ಉಂಡಿಯ ಡಬ್ಬಿ ಹಿಡಿದುಕೊಂಡು ಕಟ್ಟೆಯ ಕೆಳಗೆ ನಿಂತ, ಅಕ್ಕ ಒಮ್ಮೆ ಇತ್ತ ನೋಡಿಯಾಳೇನೋ ಎಂದು.

ಹೊಸದಾಗಿ ಬಡಿದ ರೊಟ್ಟಿ ಕೊಡಲು ಬಂದ ಗೋದುಬಾಯಿ ಶಂಕ್ರೆವ್ವನ ಪಕ್ಕ ಕುಳಿತಳು. "ಬಂದ್ಯಾ ಶಂಕ್ರೆವ್ವಾ, ಛಲೋ ಆತು ಬಿಡು. ನಿನ್ನ ಸಲುವಾಗಿ ತಮ್ಮ ಇವತ್ತ ಮುಂಜಾನಿಂದ ಗುದ್ದಾಡ್ಯಾನ. ಹ್ಯಾಂಗಾತವ್ವಾ, ತಮ್ಮನ ಕಾರಿನ್ಯಾಗ ಬಂದದ್ದು?"

ಶಂಕ್ರೆವ್ವ ರೊಟ್ಟಿ ಮುರಿದು, ಚಟ್ನಿಗೆ ಅದ್ದಿ, ಬಾಯಿಗಿಟ್ಟುಕೊಂಡು ನಿಧಾನಕ್ಕೆ ಅಗಿದಳು.

"ಕಾರು? ಯಾವ ಕಾರವ್ವಾ?" ಎಂದಳು. "ಖರೇನ ನಾ ನೋಡಲಿಲ್ಲ."